ಮದರಾಸಿನ ಬಂದರು ನೋಡಿ ಬಂದದ್ದು

ಹಡಗಿನ ಕಂಪನಿಯ ಕಚೇರಿಯಲ್ಲಿ ಅವರ ಕೆಲಸ ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಅದಕ್ಕಾಗಿ ಏಕಾಂತಯ್ಯನವರೂ ಸೊಸೆ ಶೈಲಜೆಯೂ ಬೆಂಗಳೂರಿನಿಂದ ರೈಲು ಹತ್ತಿ ಮದರಾಸಿಗೆ ಬಂದಿದ್ದರು. ಅದಕ್ಕೂ ಹಿಂದೆ ಚಾಮರಾಜಪೇಟೆಯ ಮನೆಯಲ್ಲಿ ಆರು ವರ್ಷ ಕಾದಿದ್ದರು.

ಏಕಾಂತಯ್ಯನವರ ಒಬ್ಬನೇ ಮಗ ಪರಮಶಿವ ಮದುವೆಯಾದ ಎಂಟು ತಿಂಗಳಿಗೆ ಸಿಂಗಾಪುರಕ್ಕೆ ಗುಮಾಸ್ತೆಯ ಕೆಲಸಕ್ಕೆ ಹೋದವನು. ನಲವತ್ತೆರಡರಲ್ಲಿ ಜಪಾನಿನವರು ಊರಿಗೆ ನುಗ್ಗುವ ಮುಂಚೆ ಯಾವುದೋ ಹಡಗು ಹತ್ತಿದನೆಂದು ಒಬ್ಬರು ಹೇಳಿದ್ದರು. ಹತ್ತಲೇ ಇಲ್ಲವೆಂದು ಇನ್ನೊಬ್ಬರು. ಈಗ ಯುದ್ಧ ಮುಗಿದು ಮೂರು ವರ್ಷವಾದ ಮೇಲೆ ಕಚೇರಿಯ ಅಧಿಕಾರಿ ಎರಡು ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಹಡಗು ಹತ್ತಿದವರ ಪಟ್ಟಿಯಲ್ಲಿ ಪರಮಶಿವನ ಹೆಸರಿತ್ತು. ಬದುಕಿ ಬಂದವರ ಪಟ್ಟಿಯಲ್ಲಿ ಇರಲಿಲ್ಲ. ಅಧಿಕಾರಿ ತಮಿಳಿನಲ್ಲಿ ಹೇಳಿದ್ದನ್ನು ಶೀನಣ್ಣ ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದ. ಶೀನಣ್ಣ ಚಾಮರಾಜಪೇಟೆಯ ಅವರ ಎದುರುಮನೆಯವರ ಮಗ, ಮದರಾಸಿನ ಬಂದರಿನಲ್ಲಿ ಲೆಕ್ಕ ಬರೆಯುತ್ತಿದ್ದ. ಶೈಲಜೆ ತೋರಿಸಿದ ಕಡೆ ರುಜು ಹಾಕಿದಳು. ಮೊಹರು ಬಿದ್ದ ಕಾಗದವನ್ನು ಏಕಾಂತಯ್ಯ ಕೋಟಿನ ಒಳಜೇಬಿಗೆ ಸೇರಿಸಿದರು.

ಹೊರಗೆ ಬಿಸಿಲು ಸುಡುತ್ತಿತ್ತು. ಮೂವರೂ ಮೆಟ್ಟಿಲಿಳಿದು ಬಂದರು.

"ರೈಲು ಸಾಯಂಕಾಲಕ್ಕಲ್ವೇನಪ್ಪ?" ಎಂದರು ಏಕಾಂತಯ್ಯ. "ಬಂದಿದ್ದೂ ಬಂದಿದೀವಿ. ಊರು ತೋರಿಸು."

ಶೀನಣ್ಣ ಶೈಲಜೆಯ ಮುಖ ನೋಡಿದ. ಅವಳು ಬೇಡವೆನ್ನಲಿಲ್ಲ. ಬೇಕು ಬೇಡ ಎನ್ನುವುದೆಲ್ಲ ಅವಳಿಗೆ ಯಾರದೋ ಮನೆಯ ಮಾತಿನ ಹಾಗೆ ದೂರದಲ್ಲಿ ಕೇಳುತ್ತಿತ್ತು.

ಅವನು ಮೊದಲು ಹೈಕೋರ್ಟಿನ ಕೆಂಪು ಕಟ್ಟಡ ತೋರಿಸಿದ. ಅದರ ಗೋಪುರದ ತುದಿಯಲ್ಲಿದ್ದ ದೀಪ ಹಡಗುಗಳಿಗೆ ಎಷ್ಟೋ ಮೈಲಿ ದೂರಕ್ಕೆ ಕಾಣುತ್ತದೆ ಎಂದ. "ಎಣ್ಣೆಯೋ, ಕರೆಂಟೋ?" ಎಂದು ಏಕಾಂತಯ್ಯ ಕೇಳಿದರು. ಅಲ್ಲಿಂದ ಸಾಲು ಸಾಲು ಗೋದಾಮುಗಳ ಬೀದಿ. ಒಣಮೆಣಸಿನಕಾಯಿ, ಟಾರು, ಕುದುರೆ ಲದ್ದಿ ಎಲ್ಲ ಸೇರಿದ ವಾಸನೆ. ಮಾವನವರು ಪ್ರತಿಯೊಂದು ಬೋರ್ಡನ್ನೂ ಓದಿಸಿಕೊಂಡರು, ಯಾವ ಕಟ್ಟಡ ಯಾವ ಕಾಲದ್ದೆಂದು ವಿಚಾರಿಸಿದರು. ಶೈಲಜೆ ಹಿಂದೆ ಹಿಂದೆ ನಡೆದಳು. ಪ್ರಯಾಣಕ್ಕೆಂದು ಕೊಂಡ ಹೊಸ ಚಪ್ಪಲಿ ಹಿಮ್ಮಡಿಯನ್ನು ಕಚ್ಚುತ್ತಿತ್ತು. ಬೆಳಗಿನಿಂದ ತನ್ನದೆನಿಸಿದ್ದು ಆ ನೋವೊಂದೇ. ಗಂಡನ ಮುಖ ನೆನೆಯಲು ನೋಡಿದಳು. ಮುಖ ಬರಲಿಲ್ಲ, ನಡುಮನೆಯ ಗೋಡೆಯ ಫೋಟೋ ಬಂತು.

ಬಂದರಿನ ಗೇಟಿನಲ್ಲಿ ಶೀನಣ್ಣನನ್ನು ಎಲ್ಲರೂ ಬಲ್ಲರು. ಒಳಗೆ ಬಿಟ್ಟರು.

"ನೋಡಿ ಅಕ್ಕ, ಸಮುದ್ರ," ಎಂದ ಅವನು.

ಶೈಲಜೆ ನೋಡಿದಳು. ಜನ್ಮದಲ್ಲಿ ಮೊದಲ ಸಲ. ಬೂದುಬಣ್ಣದ ನೀರು, ಅದರ ಮೇಲೆ ಎಣ್ಣೆಯ ಪೊರೆ, ಒಂದು ಹಲಗೆ, ಕೊಳೆತ ಕುಂಬಳಕಾಯಿ ತೇಲುತ್ತಿದ್ದವು. ಸಮುದ್ರವನ್ನು ತಾನು ಏನೋ ಕೇಳಬೇಕು, ಬೈಯಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಕುಂಬಳಕಾಯಿ ಹಲಗೆಗೆ ಬಡಿಯುವುದನ್ನೇ ನೋಡುತ್ತ ನಿಂತಳು.

ಏಕಾಂತಯ್ಯನವರದು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಹಗ್ಗ, ಹುರಿಯ ಅಂಗಡಿ. ಹಡಗನ್ನು ಕಟ್ಟಿದ್ದ ತೊಡೆಗಾತ್ರದ ಹಗ್ಗ ಕಂಡದ್ದೇ ಬಗ್ಗಿ ಮುಟ್ಟಿ, ಉಗುರಿನಿಂದ ಒಂದು ಎಳೆ ಎಬ್ಬಿಸಿದರು. "ತೆಂಗಿನ ನಾರಲ್ಲ ಇದು. ಒಳ್ಳೇ ಮಾಲು." ಆಮೇಲೆ ತಲೆಯೆತ್ತಿ ಹಡಗಿನ ಪಕ್ಕದಲ್ಲಿ ನೇತುಹಾಕಿದ್ದ ಬಿಳಿ ದೋಣಿಗಳನ್ನು ನೋಡಿದರು.

"ಶೀನಣ್ಣ, ಅವು ಯಾತಕ್ಕೆ?"

"ಹಡಗಿಗೆ ಏನಾದ್ರೂ ಆದ್ರೆ ಜನ ಇಳಿಯೋಕೆ, ಯಜಮಾನ್ರೆ."

"ಒಂದರಲ್ಲಿ ಎಷ್ಟು ಜನ ಹಿಡೀತಾರೆ?"

"ಐವತ್ತು ಅರವತ್ತು ಇರಬೋದು."

ಏಕಾಂತಯ್ಯ ಬೆರಳೆತ್ತಿ ದೋಣಿಗಳನ್ನು ಎಣಿಸಿದರು. ಈ ಪಕ್ಕದಲ್ಲಿ ನಾಲ್ಕು. ಆ ಪಕ್ಕ ಕಾಣದಿದ್ದಕ್ಕೆ ಹಡಗಿನ ಮೂತಿಯವರೆಗೂ ನಡೆದುಹೋಗಿ ಕತ್ತು ಚಾಚಿ ಎಣಿಸಿದರು. ಮತ್ತೆ ವಾಪಸು ಬಂದು ಮೊದಲಿನಿಂದ ಎಣಿಸಿದರು. ಮೂಟೆ ಹೊತ್ತ ಕೂಲಿಯೊಬ್ಬ ಪಕ್ಕಕ್ಕೆ ಸರಿಯಲು ಕೂಗಿದರೂ ಅವರಿಗೆ ಕೇಳಿಸಲಿಲ್ಲ. ಹೆಗಲ ವಸ್ತ್ರ ಜಾರಿ ನೆಲಕ್ಕೆ ಬಿತ್ತು.

"ಎಲ್ಲರಿಗೂ ಸಾಲಲ್ವಲ್ಲೋ," ಎಂದರು. "ಎಲ್ಲರಿಗೂ ಹೆಂಗೆ ಸಾಲುತ್ತೆ?"

ಶೈಲಜೆ ವಸ್ತ್ರ ಎತ್ತಿ, ಕೊಡವಿ, ಮಾವನ ಹೆಗಲಿಗೆ ಹಾಕಿದಳು. ಮದುವೆಯಾಗಿ ಬಂದ ಮೇಲೆ ಅವರ ತೋಳು ಹಿಡಿದದ್ದು ಅದೇ ಮೊದಲು.

"ಸಾಕು ಮಾವ. ಬನ್ನಿ."

ಮಗುವಿನ ಹಾಗೆ ಅವಳ ಜೊತೆ ಬಂದರು. ಸಾಯಂಕಾಲ ಇಬ್ಬರೂ ರೈಲು ಹತ್ತಿದರು.

ಬೆಳಿಗ್ಗೆ ಮನೆಯ ಬಾಗಿಲಲ್ಲೇ ಶೈಲಜೆಯ ಅತ್ತೆ ಬಸವಮ್ಮನವರು ನಿಂತಿದ್ದರು. "ಏನಂದ್ರು?" ಎಂದರು. ಏಕಾಂತಯ್ಯ ಹೆಂಡತಿಯ ಮುಖ ನೋಡದೆ ಕೋಟು ಬಿಚ್ಚತೊಡಗಿದರು. "ಹೈಕೋರ್ಟಿನ ಮೇಲೆ ಒಂದು ದೀಪ ಇಟ್ಟಿದಾರೆ ಕಣೇ, ಹಡಗಿನೋರಿಗೆ ದಾರಿ ಕಾಣ್ಲಿ ಅಂತ. ಬಂದರು ನೋಡಿದ್ವಿ. ಕ್ರೇನು ಅಂತೆ, ಒಂದೇ ಸಲಕ್ಕೆ…"

"ಅತ್ತೆ," ಎಂದಳು ಶೈಲಜೆ. "ಅವರು ಹಡಗು ಹತ್ತಿದ್ರು. ಹಡಗು ಮುಳುಗೋಯ್ತು."

ಬಸವಮ್ಮ ಹೊಸಿಲ ಮೇಲೆ ಕೂತುಬಿಟ್ಟರು. ಅವರ ಅಳು ಕೇಳಿ ಅಕ್ಕಪಕ್ಕದವರು ಬಂದರು. ಶೈಲಜೆ ಅತ್ತೆಯ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತಳು. ಬಂದ ಹೆಂಗಸರು ಅವಳ ಕಣ್ಣನ್ನು ನೋಡಿ ನೋಡಿ ಹೋದರು. ಕಣ್ಣು ಒಣಗಿತ್ತು.

ಮಠದಿಂದ ಅಯ್ಯನವರನ್ನು ಕರೆಸಿ ಮಾಡಬೇಕಾದ್ದನ್ನು ಮಾಡಿದರು. ತಾಳಿಯ ಮಾತು ಬಂದಾಗ ಬಸವಮ್ಮನೇ "ಅವಳ ತಂಟೆಗೆ ಯಾರೂ ಹೋಗ್ಬೇಡಿ" ಎಂದು ಬಾಯಿ ಮುಚ್ಚಿಸಿದರು. ಒಂದು ಬುಧವಾರ ಸ್ನಾನಕ್ಕೆ ಹೋದ ಶೈಲಜೆ ತಾನೇ ಅದನ್ನು ಬಿಚ್ಚಿ, ತಂದು ಅತ್ತೆಯ ಕೈಗಿಟ್ಟಳು. ಆಮೇಲೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತರು.

ಮೇ ತಿಂಗಳಲ್ಲಿ ಏಕಾಂತಯ್ಯ ಉಪಾಧ್ಯಾಯಿನಿಯರ ಟ್ರೈನಿಂಗ್ ಸ್ಕೂಲಿನ ಅರ್ಜಿ ತಂದು ಅವಳ ಮುಂದಿಟ್ಟರು.

"ಓದ್ತೀಯೇನಮ್ಮ?"

"ಹೂಂ, ಮಾವ."

ನಡುಮನೆಯಲ್ಲಿ ಮಣೆಯ ಮೇಲೆ ಕಾಗದವಿಟ್ಟು ತುಂಬುತ್ತ ಹೋದಳು. ಊರು, ವಯಸ್ಸು, ಓದು. ಗಂಡನ ಹೆಸರಿನ ಜಾಗ ಬಂದಾಗ ಪೆನ್ನನ್ನು ಮಸಿಯಲ್ಲಿ ಅದ್ದಿ ತುಸು ಹೊತ್ತು ಹಿಡಿದುಕೊಂಡಳು. ಆಮೇಲೆ "ದಿವಂಗತ" ಎಂದು ಬರೆದು, ಮುಂದೆ ಹೆಸರು ಬರೆದಳು. ಅಕ್ಷರ ದುಂಡಗೆ, ಚೆನ್ನಾಗಿ ಬಂತು. ಮಸಿ ಆರಲೆಂದು ಊದಿ, ಮುಂದಿನ ಸಾಲಿಗೆ ಹೋದಳು.