ಅಕ್ಕನ ಅಳತೆ

ಆ ಪುಟಾಣಿ ಟ್ರ್ಯಾಕ್ಟರಿಗೆ ‘ಕರು’ ಎಂದು ಹೆಸರಿಟ್ಟವಳು ಅಕ್ಕನೇ. ದೊಡ್ಡ ಟ್ರ್ಯಾಕ್ಟರುಗಳ ಪಕ್ಕ ನಿಂತರೆ ಅದು ನಿಜಕ್ಕೂ ತಾಯಿಯನ್ನು ಹುಡುಕಿಕೊಂಡು ಬಂದ ಹಾಗೇ ಕಾಣುತ್ತಿತ್ತು. ಮನೆಯ ಹಿಂದಿನ ತೋಟದಲ್ಲಿ, ಪಾತಿ ಪಾತಿಗಳ ನಡುವಿನ ಇಕ್ಕಟ್ಟಿನಲ್ಲಿ, ಒಂದು ಎಲೆಯನ್ನೂ ಮುರಿಯದೆ ಅದನ್ನು ತಿರುಗಿಸುತ್ತಿದ್ದಳು. ತರಕಾರಿ ಸಸಿ, ಹೂವಿನ ಸಸಿ ಬೆಳೆಸಿ ಮಾರಿ ಇಡೀ ಊರಿಗೇ ‘ಸಸಿಯಕ್ಕ’ ಆದವಳು. ಈಗ ಅವಳ ಎಡಗಾಲಿಗೆ ಕ್ಲಚ್ ಒತ್ತುವ ಬಲವಿಲ್ಲ. ನೆಲದ ಮೇಲೆ ಗಾಲಿಕುರ್ಚಿ, ಕರುವಿನ ಮೇಲೆ ಏರುವ ಆಸೆ, ಇಷ್ಟು ಉಳಿದಿತ್ತು.

ಅವಳ ತಮ್ಮ ಫಿಟ್ಟರ್. ತೋಟದ ಮೂಲೆಯ ಶೆಡ್ಡೇ ಅವನ ವರ್ಕ್‌ಶಾಪು. ತಾಯಿ ತೀರಿಕೊಂಡಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಸ್ವಂತ ಕಾಲು ಬರುವವರೆಗೆ ಅವನು ಊರು ನೋಡಿದ್ದೆಲ್ಲ ಅಕ್ಕನ ಸೊಂಟದ ಮೇಲಿನಿಂದ. ಕಾಲಿನ ಕೆಲಸವನ್ನು ಕೈಗೆ ತಂದುಕೊಟ್ಟರಾಯಿತು, ಅದೇನು ಬ್ರಹ್ಮವಿದ್ಯೆಯೇ ಎಂದು ಅವನು ಕೆಲಸಕ್ಕೆ ಕೈಹಾಕಿದ.

ಆದರೆ ಅವನ ಹೊಟ್ಟೆಯಲ್ಲಿ ಒಂದು ಮಾತು ಕೂತಿತ್ತು. ಅಕ್ಕನಿಗೆ ಹೇಳದೆ ಒಬ್ಬನೇ ಡಾಕ್ಟರ ಬಳಿ ಹೋಗಿ, ಈ ರೋಗ ಕಾಲಿಗೇ ನಿಲ್ಲುತ್ತದೆಯೇ ಎಂದು ಕೇಳಿದ್ದ. ನಿಲ್ಲುವುದಿಲ್ಲ ಎಂದರು ಅವರು. ಕಾಲಿನಿಂದ ಕೈಗೆ, ಕೈಯಿಂದ ನಾಲಿಗೆಗೆ, ಕೊನೆಗೆ ಉಸಿರಿಗೆ. ಔಷಧವಿಲ್ಲ, ಅವಧಿಯನ್ನೂ ಹೇಳಲಾಗದು. ಅವನು ಮನೆಗೆ ಬಂದು, ನರದ ಸುಸ್ತಂತೆ, ನಿಧಾನಕ್ಕೆ ಹೋಗುತ್ತಂತೆ ಎಂದುಬಿಟ್ಟ. ಹೋಗುತ್ತದೆ ಎಂದದ್ದೇನೋ ನಿಜವೇ. ಏನು ಹೋಗುತ್ತದೆ ಎಂದು ಮಾತ್ರ ಬಿಡಿಸಿ ಹೇಳಲಿಲ್ಲ. ಅಂದಿನಿಂದ ಆ ಮಾತು ಬಾಯಲ್ಲಿನ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಹಳೆಯ ಕಾರಿನ ಹ್ಯಾಂಡ್‌ಬ್ರೇಕ್ ಲಿವರ್ ತಂದು, ಅದರಿಂದ ಕ್ಲಚ್ಚಿಗೆ ಒಂದು ರಾಡು ಕೊಟ್ಟ. ಅಕ್ಕನನ್ನು ಸೀಟಿನ ಮೇಲೆ ಕೂರಿಸಿ, ಭುಜದಿಂದ ಬೆರಳ ತುದಿಯವರೆಗೆ ಅಳೆದು, ಬಲಗೈಗೆ ಸರಿಯಾಗಿ ಕೂರಿಸಿದ. ಅಳೆದದ್ದು ತಪ್ಪಿರಲಿಲ್ಲ. ಆದರೆ ಲಿವರಿಗೆ ಬಣ್ಣ ಒಣಗುವಷ್ಟರಲ್ಲಿ ಅಕ್ಕನ ಹಿಡಿತವೇ ಸಡಿಲವಾಗಿತ್ತು. ಎರಡೂ ಕೈ ಹಾಕಿ ಎಳೆದರೂ ಕ್ಲಚ್ ಬಿಡಲಿಲ್ಲ. ‘ಗಂಡಸರ ಕೈಗೆ ಮಾಡಿಟ್ಟಿದ್ದೀಯಲ್ಲೋ’ ಎಂದು ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಕಬ್ಬಿಣ ಮೋಸ ಮಾಡಿದ್ದರೆ ಬೈಯಬಹುದಿತ್ತು; ಬೈಯುವುದು ಯಾರನ್ನು?

ಲಿವರನ್ನು ಬಿಚ್ಚಿಟ್ಟು ಗುಜರಿ ಅಂಗಡಿಗೆ ಹೋದ. ಹಳೆಯದು ಸವೆದುಹೋಗಿದ್ದರಿಂದ ಕರುವಿನ ಹಿಂದೆ ಕಟ್ಟುವುದಕ್ಕೆ ಸಾಲು ತೆಗೆಯುವ ನೇಗಿಲೊಂದು ಬೇಕಿತ್ತು. ಕರುವನ್ನು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿಕೊಂಡಿತ್ತು. ಈಗಿನ ನೇಗಿಲುಗಳನ್ನು ಅದರ ಕೊಂಡಿಗೆ ಸಿಕ್ಕಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗತಿ. ಗುಜರಿಯವನು ಬಾಯಾಳಿ. ಕರುವಿಗೆ ಹೆಣ್ಣು ಹುಡುಕೋಕೆ ಬಂದ್ಯಾ, ಜಾತಕ ತಂದಿದ್ದೀಯಾ ಎಂದು ರೇಗಿಸುತ್ತಲೇ ತುಕ್ಕಿನ ರಾಶಿಯನ್ನೆಲ್ಲ ತಾನೇ ಮಗುಚಿ ಹಾಕಿದ. ಮುರಿದ ಗೇಟೊಂದರ ಅಡಿಯಲ್ಲಿ ಸಣ್ಣ ನೇಗಿಲು ಸಿಕ್ಕಿತು. ಕೊಂಡಿಗೆ ಸಿಕ್ಕಿಸುವ ಅದರ ಕಿವಿಯ ತೂತು ದೊಡ್ಡದಾಗಿತ್ತು, ಒಳಗೆ ಬಳೆಯಂಥ ಬುಷ್ ಕಡೆದು ಹಾಕಿದರೆ ಕೂರುತ್ತಿತ್ತು. ನೇಗಿಲನ್ನು ಎತ್ತಿಳಿಸುವುದು ಅಕ್ಕನ ಕೈಯಲ್ಲಿ ಆಗದ ಮಾತು. ಅದಕ್ಕೂ ಗುಜರಿಯವನೇ ದಾರಿ ತೋರಿಸಿದ: ಆಸ್ಪತ್ರೆಯ ಹಳೇ ಮಂಚದಿಂದ ಬಿಚ್ಚಿದ, ಗುಂಡಿ ಒತ್ತಿದರೆ ರೋಗಿಯ ತಲೆ ಎತ್ತುವ ಮೋಟಾರು. ಅದನ್ನು ಕೈಗೆ ತೆಗೆದುಕೊಂಡ ಫಿಟ್ಟರ್ ಒಮ್ಮೆ ವಾಪಸು ರಾಶಿಗೇ ಇಟ್ಟ. ಆದರೂ ಮೋಟಾರು ಗಟ್ಟಿಯಾಗಿತ್ತು, ತಂದ.

ಈ ಸಲ ಲಿವರಿಗೆ, ರಾಡು ಸಿಕ್ಕಿಸುವಲ್ಲಿ, ಹೊಸ ಪ್ಲೇಟು ಮಾಡಿದ. ರಾಡಿನ ಪಿನ್ನು ಮೇಲಿನ ತೂತಿನಲ್ಲಿದ್ದರೆ ಎಳೆತ ಬಿಗಿ, ಒಂದು ತೂತು ಕೆಳಗಿಳಿಸಿದರೆ ಹಗುರ, ಇನ್ನೊಂದು ಇಳಿಸಿದರೆ ಇನ್ನೂ ಹಗುರ. ಡ್ರಿಲ್ಲಿಗೆ ಪ್ಲೇಟು ಕಚ್ಚಿಸಿದ ಮೇಲೆ ಯಾವ ಫಿಟ್ಟರೂ ಒಂದೇ ತೂತು ಹೊಡೆದು ಬಿಚ್ಚುವುದಿಲ್ಲ. ಮುಂದೆ ಬೇಕಾಗುವುದನ್ನೂ ಅದೇ ಏಟಿಗೆ ಹೊಡೆದುಬಿಡುತ್ತಾನೆ. ಅವನೂ ಹೊಡೆದ. ಅಂಚುಗಳನ್ನು ಅರದಿಂದ ಉಜ್ಜಿದ, ಎಣ್ಣೆ ಹಚ್ಚಿದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಯಾಕೆಂದು ತಲೆ ಒಂದು ಮಾತನ್ನೂ ಕೇಳಲಿಲ್ಲ.

ಬೆಳಗಿನ ಎಳೆಬಿಸಿಲಿನಲ್ಲಿ ಅಕ್ಕನನ್ನು ಎತ್ತಿ ಕರುವಿನ ಮೇಲೆ ಕೂರಿಸಿದ. ಎಷ್ಟು ಹಗುರಾಗಿದ್ದಾಳೆ ಎಂಬುದು ತೋಳಿಗೆ ಗೊತ್ತಾಯಿತು. ಅವಳ ಮುಖ ಮಾತ್ರ ಹಬ್ಬವಾಗಿತ್ತು. ಲಿವರ್ ಎಳೆದು ನೋಡಿದಳು, ಬೆಣ್ಣೆಯಂತೆ ಬಂತು. ಮಂಚದ ಮೋಟಾರಿನ ಕಥೆ ಕೇಳಿ, ರೋಗಿ ಎತ್ತಿ ಎತ್ತಿ ಬೇಜಾರಾಗಿರುತ್ತೆ ಪಾಪ, ಮಣ್ಣಾದರೂ ನೋಡಲಿ ಎಂದಳು.

ಅವನು ಡೀಸೆಲ್ ಹಾಕುತ್ತಿದ್ದ. ಅಕ್ಕನ ಬೆರಳು ಪ್ಲೇಟಿನ ಮೇಲೆ ಆಡುತ್ತ, ಪಿನ್ನಿನ ಕೆಳಗಿದ್ದ ಖಾಲಿ ತೂತುಗಳ ಸಾಲಿಗೆ ಬಂದು ನಿಂತಿತು. ಬದುಕಿಡೀ ಬೆರಳಿನಿಂದ ಮಣ್ಣಿನಲ್ಲಿ ಗುಳಿ ಮಾಡಿ ಬೀಜ ಇಟ್ಟವಳು. ಸಾಲಾಗಿ ಗುಳಿ ಮಾಡಿದವರು ಏನನ್ನೋ ಇಡಲಿಕ್ಕೇ ಮಾಡಿರುತ್ತಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇವ್ಯಾಕೆ ಖಾಲಿ ಇವೆ?”

“ಇರ್ಲಿ ಅಂತ ಹೊಡೆದೆ.”

“ನೀನು ಸುಮ್‌ಸುಮ್ನೆ ತೂತು ಹೊಡೆಯೋನಲ್ಲ.”

“ಪಿನ್ನು ಕೆಳಗಿಳಿಸಿದ್ರೆ ಹಗುರಾಗುತ್ತೆ ಅಕ್ಕ.”

“ಈಗ್ಲೇ ಹಗುರಾಗಿದೆಯಲ್ಲ.”

ಅವನು ಡೀಸೆಲ್ ಕ್ಯಾನಿನ ಮುಚ್ಚಳ ತಿರುಗಿಸುತ್ತಲೇ ಇದ್ದ. ಅದು ಆಗಲೇ ಬಿಗಿಯಾಗಿತ್ತು. ಡಾಕ್ಟರ ಹತ್ತಿರ ಒಬ್ಬನೇ ಹೋಗಿದ್ದೆಯಾ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅವನು ತಲೆ ಎತ್ತದೆ ಹೂಂ ಅಂದ.

“ನನಗಿಂತ ಮೊದ್ಲು ಕಬ್ಬಿಣಕ್ಕೆ ಹೇಳಿದ್ಯಲ್ಲೋ” ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು, ಅವನು ಹುಡುಗನಾಗಿದ್ದಾಗಲೂ ಕೇಳದ ಸಿಟ್ಟು. ಆಮೇಲೆ ಕೊನೆಯ ತೂತಿನ ಮೇಲೆ ಬೆರಳಿಟ್ಟಳು. “ಇದಾದ್ಮೇಲೆ?”

ಸುಳ್ಳು ಹೇಳಲು ಅವನು ಬಾಯಿ ತೆರೆದ, ಸುಳ್ಳು ಸಿಗಲಿಲ್ಲ.

“ಇದಾದ್ಮೇಲೆ ಪ್ಲೇಟು ಮುಗಿಯುತ್ತೆ.”

ಅಕ್ಕ ಪಾತಿಗಳ ಕಡೆ ನೋಡಿದಳು. ಅಳಲಿಲ್ಲ. ತಾನೇ ಕೀಲಿ ತಿರುಗಿಸಿದಳು. ಕರು ಕೆಮ್ಮಿ, ಹೊಗೆ ಉಗುಳಿ ಹೊರಟಿತು. ನೇಗಿಲು ಇಳಿಯಿತು, ಮಣ್ಣು ಎರಡು ಪಾಲಾಗಿ ಮಗುಚಿತು. ತಮ್ಮ ಹಿಂದೆ ಹಿಂದೆ ನಡೆದ. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ಬಾಯಿಬಿಟ್ಟು ಅತ್ತ. ಸಾಲು ದಾರ ಹಿಡಿದಷ್ಟು ನೆಟ್ಟಗೆ ಬಂದಿತ್ತು, ಅದರಿಂದ ಅವನಿಗೆ ಇನ್ನೂ ಸಂಕಟವಾಯಿತು.

ತೋಟದ ಅಂಚಿನಲ್ಲಿ ಅವಳು ನೇಗಿಲನ್ನೆತ್ತಿ ಎಂಜಿನ್ ನಿಲ್ಲಿಸಿದಳು. ಅವನ ಮುಖ ನೋಡಿದರೂ ನೋಡದವಳಂತೆ, ಕೆಳಗಿನ ಹಳೆಯ ಕ್ಲಚ್ ಪೆಡಲ್ ತೋರಿಸಿದಳು. ಅವನು ಅದನ್ನು ಬಿಚ್ಚಿ ಬಿಸಾಡುವುದಕ್ಕಿದ್ದ.

“ಅದನ್ನ ತೆಗೀಬೇಡ. ನಿನ್ನ ಕಾಲಿಗೆ ಬೇಕಾಗುತ್ತೆ. ಪಕ್ಕದಲ್ಲಿ ನನಗೊಂದು ಸೀಟು ಹಾಕು, ಹೇಳಿಕೊಡ್ತೀನಿ.”

ಅವನು ಆಗದೆಂದು ತಲೆಯಾಡಿಸಿದ. ನನಗೆ ಮಣ್ಣಿನ ಕೆಲಸ ಬರುವುದಿಲ್ಲ, ನೀನು ಹುಷಾರಾಗು, ಆಮೇಲೆ ನೋಡೋಣ ಎಂದೇನೇನೋ ತೊದಲಿದ. ಅಕ್ಕ ಅವನು ಮುಗಿಸುವವರೆಗೂ ಕಾದಳು.

“ಬಾಯಿ ಇರೋವಾಗ್ಲೇ ಹೇಳ್ಕೊಡ್ಬೇಕಲ್ಲೋ. ನಿನ್ನ ಕಾಲಿನ ಅಳತೆ ತಗೋ.”

ಅವನು ಶೆಡ್ಡಿನಿಂದ ಟೇಪು ತಂದು ಕರುವಿನ ಪಕ್ಕ ನಿಂತ, ಒಂದು ತುದಿಯನ್ನು ತನ್ನ ಮೊಣಕಾಲಿಗೆ ಒತ್ತಿ ಹಿಡಿದ. ಇನ್ನೊಂದು ತುದಿಗೆ ಅಕ್ಕ ಮೇಲಿನಿಂದ ಕೈ ಚಾಚಿದಳು. ಟೇಪು ಅವಳ ಬೆರಳುಗಳಿಂದ ಜಾರಿ ಬಿತ್ತು. ಅವನು ಎತ್ತಿಕೊಟ್ಟ. ಅವಳು ಮತ್ತೆ ಹಿಡಿದುಕೊಂಡಳು.