ನಾಲ್ಕು ಬೆರಳು

ಒಂಬತ್ತು, ಅಲ್ಲ, ಈಗ ಹನ್ನೊಂದು — ಚಿಪ್ ಕಾರ್ಖಾನೆಯ ಗೋಡೆಯ ಮೇಲೆ ಗಾಳಿಯ ಧೂಳೆಣಿಸುವ ಯಂತ್ರದ ಕೆಂಪು ಅಂಕಿ ಏರುತ್ತಲೇ ಇದೆ, ಎರಡರ ಮೇಲೆ ಅಲುಗದೆ ಕೂತಿದ್ದದ್ದು ಇವಳು ಒಳಗೆ ಬಂದ ಮೇಲೆ ಏರಿದ್ದು, ಇವಳಿಗೊಬ್ಬಳಿಗೇ ಗೊತ್ತು, ಈ ಹಳದಿ ಬೆಳಕಿನಲ್ಲಿ ಎಲ್ಲರೂ ಒಂದೇ, ನೆತ್ತಿಯಿಂದ ಪಾದದವರೆಗೆ ಬಿಳಿ ಉಡುಪು, ಹೊರಗೆ ಬರೀ ಕಣ್ಣು, ಆರು ವರ್ಷದಿಂದ ಪಕ್ಕದ ಯಂತ್ರದಲ್ಲಿ ದುಡಿಯುವವನ ಮೂಗು ಹೇಗಿದೆಯೋ ಕಂಡಿಲ್ಲ, ದಪ್ಪ ಹುಬ್ಬಿನವನು, ಅದಕ್ಕೆ ಹುಬ್ಬಣ್ಣ, ಅವನಿಗೆ ಇವಳು ಯಾರೋ, ಒಂದು ಜೊತೆ ಕಣ್ಣು. ಯಾರ್ರೀ ಅದು ಪೌಡರ್ ಹಚ್ಕೊಂಡು ಬಂದಿರೋದು, ಸ್ಪೀಕರಿನಲ್ಲಿ ಸೂಪರ್‌ವೈಸರ್ ದನಿ, ನಾನಂತೂ ಅಲ್ಲ ಸಾರ್, ನನ್ನ ಮದುವೇಲೇ ಹಚ್ಚಿರ್ಲಿಲ್ಲ ಎಂದ ಹುಬ್ಬಣ್ಣ, ಎಲ್ಲರೂ ಮಾಸ್ಕಿನೊಳಗೇ ನಕ್ಕರು, ಇವಳೂ ನಕ್ಕಳು, ಮಾಸ್ಕಿನ ಅಂಚಿನ ಮೇಲೆ, ಕಣ್ಣಿನ ಕೆಳಗೆ, ಕೆನ್ನೆ ಬಿಗಿಯಿತು — ಅಲ್ಲೇ, ಅಮ್ಮನ ನಾಲ್ಕು ಬೆರಳು.

ಒಂದೂವರೆ ವರ್ಷದಿಂದ ಯಾರಮ್ಮ ನೀನು ಎಂದು ಕೇಳುವ ಅಮ್ಮ, ತುತ್ತು ತಿನ್ನಿಸಿದರೆ ನಿನ್ನ ಹೆತ್ತವಳು ಪುಣ್ಯವಂತೆ ಕಣಮ್ಮ ಎನ್ನುವ ಅಮ್ಮ, ಇವತ್ತು ಬೆಳಿಗ್ಗೆ ಇವಳು ಅವಳ ಬೆನ್ನಿನ ಹುಣ್ಣಿಗೆ ಪೌಡರ್ ಉದುರಿಸಿ ಡಬ್ಬಿ ಕೆಳಗಿಡುವಷ್ಟರಲ್ಲಿ ಅದನ್ನು ಕಿತ್ತುಕೊಂಡು, ಅಂಗೈಗೆ ಸುರಿದುಕೊಂಡು, ಬಾರೇ ಗುಂಡಮ್ಮ, ಮುಖದಲ್ಲಿ ಎಣ್ಣೆ ಸುರೀತಿದೆ, ಹೀಗೇ ಸ್ಕೂಲಿಗೆ ಹೋಗ್ತೀಯಾ ಎಂದು ಇವಳ ಕೆನ್ನೆಗೆ ಒತ್ತಿ ಬಳಿದಳು — ಗುಂಡಮ್ಮ, ಆ ಹೆಸರು ಗೊತ್ತಿರುವವರು ಈ ಭೂಮಿಯ ಮೇಲೆ ಇನ್ನು ಯಾರಿದ್ದಾರೆ. ಒಳಗೆ ಬರುವ ಮುಂಚೆ ಎಲ್ಲರೂ ಮುಖ ತೊಳೆಯಬೇಕು, ಇವಳು ನಲ್ಲಿ ತಿರುಗಿಸಿ ಕೈ ಮಾತ್ರ ಒದ್ದೆ ಮಾಡಿಕೊಂಡಳು, ನೀರಿನ ಸದ್ದಾದರೆ ಸಾಕಲ್ಲ, ಕಳ್ಳಿ ಹಾಗೆ, ಈ ವಯಸ್ಸಿನಲ್ಲಿ.

ಹದಿನಾಲ್ಕು. ಕೈಯಲ್ಲಿ ಪೆಟ್ಟಿಗೆ, ಇಪ್ಪತ್ತೈದು ವೇಫರ್, ಕನ್ನಡಿಯಂಥ ಬಿಲ್ಲೆಗಳು, ಎರಡು ತಿಂಗಳಿಂದ ಎಷ್ಟೋ ಕೈ ದಾಟಿ ಬಂದದ್ದು, ಯಂತ್ರಕ್ಕೆ ಕೊಟ್ಟರೆ ಇವಳ ಕೆನ್ನೆಯಿಂದ ಉದುರಿದ್ದು ಅವುಗಳ ಮೇಲೆ ಹೋಗಿ ಕೂರುತ್ತದೆ, ಅಷ್ಟೂ ಜನರ ದುಡಿಮೆ ಕಸ, ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತೆ, ಸಂಜೆಯವರೆಗೆ ಅಮ್ಮನ ಬೆರಳು ಇರಲಿ, ಸಂಜೆಯವರೆಗಾದರೂ — ಸಾರ್, ನಾನು. ಅಯ್ಯೋ, ನೀವಾ, ಹೋಗಿ ತೊಳ್ಕೊಂಡು ಬನ್ನಿ, ಒಂದು ನಿಮಿಷದ ಕೆಲಸ.

ಒಂದು ನಿಮಿಷ. ಹೊರಗೆ ತೊಳೆಯುವ ಕೋಣೆಯಲ್ಲಿ ಮಾಸ್ಕ್ ಬಿಚ್ಚಿದಳು, ಕನ್ನಡಿಯಲ್ಲಿ ಪೂರ್ತಿ ಮುಖ, ನೋಡುವವರು ಯಾರೂ ಇಲ್ಲ, ನಲ್ಲಿ ಸುರಿಯುತ್ತಿದೆ, ಮನೆಗೆ ಹೋದರೆ ಯಾರಮ್ಮ ನೀನು ಅಂತಾಳೆ, ಅನ್ನಲಿ, ತೊಳೆಯಬೇಕು, ತೊಳೆಯುತ್ತಾಳೆ, ಬೊಗಸೆ ತುಂಬಿತು, ಕೆನ್ನೆಯ ಹತ್ತಿರ ಬಂತು, ಬೆರಳ ಸಂದಿನಿಂದ ಸೋರಿಹೋಯಿತು, ಮತ್ತೆ ತುಂಬಿತು, ಕನ್ನಡಿಯಲ್ಲಿ ನಾಲ್ಕು ಬೆರಳು, ಬಿಳಿ, ಕಿರುಬೆರಳು ಸ್ವಲ್ಪ ಸೊಟ್ಟ, ನಾಲ್ಕು ಬೆರಳು