ಮಾಹೇರಕ್ಕೆ ಹೊರಟ ಎಮ್ಮೆ

“ಬೊಟ್ಟ ಇಟ್ಟ ಓದ. ಬೊಟ್ಟ ಎತ್ತಬ್ಯಾಡ,” ಎಂದಳು ತಾರಾಬಾಯಿ.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಮಗ ಶ್ರೇಣಿಕ ಉಂಡು ಡೇರಿಗೆ ಹಾಲು ಹಾಕಲು ಹೋಗಿದ್ದ. ಕಟ್ಟೆಯ ಮೇಲೆ ಇನ್ನೂ ಬೆಳಕಿತ್ತು. ಒಂದನೇ ಇಯತ್ತೆಯ ಮೊಮ್ಮಗಳು ಕಾಜಲ ಅಜ್ಜಿಯ ತೊಡೆಗೆ ಆತು ಕೂತು, ಅಂಚು ಹರಿದ ತೆಳ್ಳನೆಯ ಪುಸ್ತಕ ಬಿಚ್ಚಿದಳು. ಪುಟಕ್ಕೊಂದು ಚಿತ್ರ, ಕೆಳಗೆ ದಪ್ಪಕ್ಷರದ ಒಂದೇ ಸಾಲು. ಎಲ್ಲ ಸೇರಿ ಎಂಟೇ ಪುಟ.

ಬೆರಳು ಅಕ್ಷರದ ಮೇಲೆ, ಕಣ್ಣು ಚಿತ್ರದ ಮೇಲೆ. ಹುಡುಗಿ ಗಡಗಡ ಓದಿದಳು: “ಎಮ್ಮಿ ಮಾಹೇರಕ್ಕ ಹೊಂಟೈತಿ. ಅವರವ್ವ ದಾರಿ ಕಾಯಾಕತ್ತಾಳ.”

ತಾರಾಬಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ನಾಲ್ಕನೇ ಇಯತ್ತೆ ಕಲಿತವಳಿಗೆ ಅಷ್ಟು ಓದಲು ಬರುತ್ತಿತ್ತು. ‘ಎಮ್ಮೆ ಹೊಳೆಗೆ ಹೋಯಿತು’ ಎಂದಷ್ಟೇ ಇತ್ತು.

“ಹಿಂಗ ಯಾರ ಕಲಿಸ್ಯಾರ?”

“ಮಮ್ಮಿ. ದಿನಾ ಹಿಂಗ ಓದತಿದ್ಲು.”

ಸೊಸೆ ರೂಪಾಲಿ ಹೊಳೆಯಾಚೆಯ ಕುರುಂದವಾಡದವಳು, ಮರಾಠಿ ಶಾಲೆಯಲ್ಲಿ ಕಲಿತವಳು. ಸದಲಗಾಕ್ಕೆ ಬಂದ ಮೇಲೆ ಕನ್ನಡ ಮಾತು ಬಂತು, ಅಕ್ಷರ ಬರಲಿಲ್ಲ. ತವರನ್ನು ಮಾತ್ರ ಕೊನೆಯವರೆಗೂ ಮಾಹೇರ ಎನ್ನುತ್ತಿದ್ದಳು. ಈ ಪುಸ್ತಕ ಹಿಡಿದು ಮಗಳನ್ನು ಕೂರಿಸಿಕೊಂಡಾಗಲೆಲ್ಲ, “ಅಕ್ಷರ ಬರದಾಕಿ ಏನ ಓದತಾಳವ್ವಾ!” ಎಂದು ನಕ್ಕು ತಾರಾಬಾಯಿ ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನವೂ ನಿಂತು ಕೇಳಿದವಳಲ್ಲ. ಹೋದ ವರ್ಷ ಪಂಚಮಿಗೆ ತವರಿಗೆ ಹೋಗಿಬರುತ್ತೇನೆ ಎಂದವಳನ್ನು, ಎಮ್ಮೆ ಈದಿದೆ, ಹಿಂಡುವವರು ಯಾರು, ದೀಪಾವಳಿಗೆ ಹೋದರಾಯಿತು ಎಂದು ತಡೆದವಳೂ ಅವಳೇ. ದೀಪಾವಳಿಗೆ ಮುಂಚೆಯೇ ಡೆಂಗೀ ಜ್ವರ ಬಂತು. ಐದೇ ದಿನದಲ್ಲಿ ರೂಪಾಲಿ ಇಲ್ಲವಾದಳು.

ಮರುದಿನ ಶಾಲೆಯ ಅನುಸೂಯಾ ಅಕ್ಕೋರು ಇದನ್ನು ಕೇಳಿ ನಗಲಿಲ್ಲ. “ಬಾಯಿಪಾಠ ಆಗೈತ್ರಿ ಆಯಿ. ಚಿತ್ರ ಮುಚ್ಚಿ ಓದಸ್ರಿ. ಇಲ್ಲಂದ್ರ ಅಕ್ಷರ ಹತ್ತಂಗಿಲ್ಲ. ಉಳಿದ ಹುಡುಗೂರು ಮುಂದ ಹೋಗ್ಯಾರ.”

ಹುಡುಗಿ ಹಿಂದುಳಿಯಬಾರದಲ್ಲ. ತಾರಾಬಾಯಿ ದಿನಾ ಸಂಜೆ ಎಡಗೈಯಿಂದ ಚಿತ್ರ ಮುಚ್ಚಿ ಕೂತಳು. ಮೊದಮೊದಲು ಕಾಜಲ ಕೈ ತಳ್ಳಿದಳು, ಅತ್ತಳು, ಪುಸ್ತಕ ಎಸೆದಳು. ತಿಂಗಳು ಕಳೆಯುವಷ್ಟರಲ್ಲಿ ಅಕ್ಷರಗಳು ಒಂದೊಂದೇ ಕೈಗೆ ಹತ್ತಿದವು.

ಒಂದು ಸಂಜೆ ಬೆರಳು ಸರಿಸುತ್ತ ಓದಿದಳು: “ಎಮ್ಮೆ... ಹೊ...ಳೆಗೆ... ಹೋಯಿತು.” ಮುಖ ಅರಳಿತು. ಮತ್ತೊಮ್ಮೆ ಓದಿದಳು. ಅರಳಿದ ಮುಖ ಹಾಗೇ ಬಾಡಿತು.

“ಆಯಿ, ಇಲ್ಲಿ ಮಾಹೇರ ಇಲ್ಲ. ಮಮ್ಮಿಗೆ ಓದಾಕ ಬರತಿರಲಿಲ್ಲೇನ?”

ತಾರಾಬಾಯಿಗೆ ನಾಚಿಕೆಯಾಯಿತು. ದುಃಖ ಉಕ್ಕಿ ಬಂತು. “ಆಕಿ ಓದಿದ್ದೂ ಖರೇನ, ಪುಟ್ಟಿ,” ಎಂದಳು. ಮಿಕ್ಕ ಪುಟಗಳನ್ನೂ ಕಾಜಲ ತಡವರಿಸುತ್ತ ಓದುತ್ತ ಹೋದಂತೆ, ತಾನು ಕೇಳದೆ ಬಿಟ್ಟ ಸೊಸೆಯ ಕಥೆ ಪುಟಪುಟಕ್ಕೂ ಅಳಿಸಿಹೋಗುವುದು ಅವಳಿಗೆ ಕಾಣುತ್ತಿತ್ತು. ಕೊನೆಯ ಪುಟ ತಿರುವಿದಾಗ ತಾಳಲಾಗಲಿಲ್ಲ. ಈ ಸಲ ಚಿತ್ರ ಬಿಟ್ಟು ಅಕ್ಷರದ ಮೇಲೆ ಅಂಗೈ ಊರಿದಳು.

“ಇದನ್ನ ಓದಬ್ಯಾಡ. ನಿಮ್ಮ ಮಮ್ಮಿ ಏನ ಅಂತಿದ್ಲು, ಅದನ್ನ ಹೇಳ. ಎಮ್ಮಿ ಮಾಹೇರ ಮುಟ್ಟತೇನ?”

ಕಾಜಲ ಚಿತ್ರವನ್ನೇ ನೋಡಿದಳು. ಎಮ್ಮೆ ನಿಂತಿತ್ತು, ಹೆಂಗಸೊಬ್ಬಳು ಅದರ ಕೊರಳು ಸವರುತ್ತಿದ್ದಳು. ಹುಡುಗಿಯ ತುಟಿಗಳು ಅಲುಗಿದವು, ನಿಂತವು.

“ನೆನಪ ಆಗವಲ್ದು, ಆಯಿ.”

“ನೆನಸ್ಕೊ. ಸಾವಕಾಶ ನೆನಸ್ಕೊ.”

ಕಾಜಲ ಕಣ್ಣು ಮುಚ್ಚಿದಳು, ತೆರೆದಳು. ಅಜ್ಜಿಯ ಬೆರಳುಗಳ ಸಂದಿಯಲ್ಲಿ ಕಪ್ಪು ಅಕ್ಷರಗಳು ಇಣುಕುತ್ತಿದ್ದವು. ಕಣ್ಣು ತಾನಾಗಿಯೇ ಅತ್ತ ಹೋಯಿತು.

“ಎಮ್ಮೆ,” ಎಂದು ಅವಳು ಒಂದೊಂದೇ ಅಕ್ಷರ ಕೂಡಿಸಿ, ಒಂದೂ ತಪ್ಪದೆ ಓದಿದಳು, “ಕೊಟ್ಟಿಗೆಗೆ... ಮರಳಿ... ಬಂತು.”